ಅಮ್ಮ ನಿದ್ದೆ ಮಾಡಿದ ಮಳೆಗಾಲ

ಆ ಕಾಲಕ್ಕೆ ಕುದ್ರೋಳಿಯ ನಮ್ಮ ಓಣಿಯಲ್ಲಿ ಯೋಗ ಎಂದರೆ ಕೆಲಸವಿಲ್ಲದವರು ಕೈಕಾಲು ತಿರುಚುವುದು ಎಂದೇ ಲೆಕ್ಕ. ಮಳೆಗಾಲದಲ್ಲಿ ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತುಬಿಡುತ್ತಿದ್ದವು. ಒಣಮೀನು ಸುಡುವ ವಾಸನೆ, ಹಲಸಿನ ಬೀಜ ಬೇಯುವ ವಾಸನೆ, ಒಣಗದ ಬಟ್ಟೆಯ ಮುಗ್ಗಲು, ಎಲ್ಲ ಸೇರಿ ಮನೆ ತುಂಬಿರುತ್ತಿತ್ತು. ಮಕ್ಕಳು ನಾವು ಜಗಲಿಯಲ್ಲಿ ಚೆನ್ನೆಮಣೆ ಆಟಕ್ಕೆ ಕೂತು ಕಿತ್ತಾಡುತ್ತಿದ್ದೆವು.

ನಾನು ಐದನೇ ಕ್ಲಾಸಿನಲ್ಲಿದ್ದೆ. ಹಿಂದಿನ ಬೇಸಿಗೆಯಲ್ಲಿ ಕಡಲಿಗೆ ಹೋದ ಅಪ್ಪ ಮರಳಿ ಬಂದಿರಲಿಲ್ಲ. ಅಂದಿನಿಂದ ಅಮ್ಮನಿಗೆ ನಿದ್ದೆ ಇಲ್ಲ. ನನಗೆ ಯಾವಾಗ ಎಚ್ಚರವಾದರೂ ಅವಳು ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ಹಗಲು ಮಾರುವ ಮೀನು ಕೊಯ್ಯುವಾಗ ಬೆರಳನ್ನೂ ಕೊಯ್ದುಕೊಳ್ಳುತ್ತಿದ್ದಳು. ಡಾಕ್ಟರ ಮಾತ್ರೆ ಹಿಡಿಯಲಿಲ್ಲ. ದೇರೆಬೈಲಿನಲ್ಲಿ ಒಬ್ಬರು ಟೀಚರ್ ತಮ್ಮ ಮನೆಯ ಮಹಡಿಯಲ್ಲಿ ಹೆಂಗಸರಿಗೆ ಯೋಗ ಹೇಳಿಕೊಡುತ್ತಾರೆ, ಹೋಗಿ ನೋಡಿ ಎಂದು ಕೊನೆಗೆ ಆ ಡಾಕ್ಟರೇ ಹೇಳಿದರು.

ಸಂಜೆ ಬಸ್ಸಿನಲ್ಲಿ ಅಮ್ಮನ ಜೊತೆ ನಾನೂ ಹೋಗುತ್ತಿದ್ದೆ. ಮೊದಮೊದಲು ಅಮ್ಮನದ್ದು ದೊಡ್ಡ ಪ್ರಹಸನ. ಎಲ್ಲರೂ ಬಲಗಾಲು ಎತ್ತಿದರೆ ಇವಳದ್ದು ಎಡಗಾಲು. “ಸುಮತಿಯಕ್ಕ, ಉಸಿರು ಪೂರ್ತಿ ಬಿಡಿ” ಎಂದು ಟೀಚರ್ ಹೇಳಿದರೆ, “ಬಿಟ್ಟೆ ಟೀಚರೇ, ಇನ್ನು ಎಲ್ಲಿ ಉಂಟು ಬಿಡ್ಲಿಕ್ಕೆ?” ಅನ್ನುತ್ತಿದ್ದಳು.

ಕೊನೆಗೆ ಎಲ್ಲರೂ ಅಂಗಾತ ಮಲಗಬೇಕು. ಟೀಚರ್ ಪಾದದಿಂದ ಶುರುಮಾಡಿ ಒಂದೊಂದೇ ಅಂಗದ ಹೆಸರು ಹೇಳಿ ಸಡಿಲ ಬಿಡಿಸುತ್ತಿದ್ದರು. ಒಂದು ಸಂಜೆ ಅವರು ಸೊಂಟಕ್ಕೆ ಬರುವ ಮೊದಲೇ ಅಮ್ಮ ಗೊರಕೆ ಹೊಡೆದಳು. ಹೆಂಗಸರು ನಕ್ಕರು. “ಎಬ್ಬಿಸಬೇಡಿ, ಮಲಗಲಿ ಪಾಪ” ಎಂದು ಟೀಚರ್ ಬೆಡ್‌ಶೀಟ್ ತಂದು ಹೊದೆಸಿದರು. ಅಮ್ಮನ ಬಾಯಿ ಅರ್ಧ ತೆರೆದಿತ್ತು, ಹಣೆಯ ಗೆರೆಗಳೆಲ್ಲ ಮಾಯವಾಗಿದ್ದವು. ಅಮ್ಮ ಯಾರದೋ ಮನೆಯ ಚಿಕ್ಕ ಹುಡುಗಿಯಂತೆ ಕಂಡಳು. ನನಗಾದ ಸಂತೋಷ ಹೇಳಿ ಮುಗಿಯುವಂಥದ್ದಲ್ಲ. ಆಮೇಲೆ ಮನೆಯಲ್ಲೂ ಮಲಗತೊಡಗಿದಳು.

ಬೋಟುಗಳು ಮತ್ತೆ ಕಡಲಿಗೆ ಇಳಿದವು. ಮೊದಲ ದಿನದ ಮೀನಿನಲ್ಲಿ ಒಳ್ಳೊಳ್ಳೆಯ ಕಾಣೆ ಮೀನುಗಳನ್ನು ಅಮ್ಮ ಮಾರದೆ ತೆಗೆದಿಟ್ಟು, ಕೆಂಪು ಮಸಾಲೆ ಹಚ್ಚಿ ಸ್ಟೀಲ್ ಡಬ್ಬಿಗೆ ತುಂಬಿಸಿದಳು.

“ಟೀಚರ್ ಮೀನು ತಿಂತಾರಾ ಅಮ್ಮ?”

“ಮನೆಯಲ್ಲಿ ಕೊಂಕಣಿ ಮಾತಾಡ್ತಾರಲ್ಲ. ಮೀನು ಬಿಡುವ ಜನ ಅಲ್ಲ ಮಾರಾಯ್ತಿ. ಕಾವಲಿಗೆ ಹಾಕಿದರೆ ಆಯ್ತು.”

ಯಾರ ಮನೆಗೆ ಮೀನು ಬೇಕು, ಯಾರಿಗೆ ಬೇಡ ಎಂದು ನಮ್ಮ ಹೆಂಗಸರು ಮಾತು ಕೇಳಿಯೇ ಹೇಳುತ್ತಿದ್ದರು. ಆ ಲೆಕ್ಕ ತಪ್ಪಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಪಾಯಸವೇನೋ ಎಂದುಕೊಂಡು ಟೀಚರ್ ನಗುತ್ತ ಡಬ್ಬಿ ತೆರೆದರು, ತಕ್ಷಣ ಮುಚ್ಚಿದರು. ಬೈಯಲಿಲ್ಲ. “ಇದನ್ನೆಲ್ಲ ಬಿಟ್ಟು ಎಷ್ಟೋ ವರ್ಷ ಆಯ್ತು ಸುಮತಿಯಕ್ಕ. ನೀವೂ ನಿಧಾನಕ್ಕೆ ಬಿಡಿ. ಇದು ಹೊಟ್ಟೆಯಲ್ಲಿದ್ದರೆ ಮನಸ್ಸು ನಿಲ್ಲುದಿಲ್ಲ” ಎಂದರು.

ಅವರು ಒಳ್ಳೆಯದಕ್ಕೇ ಹೇಳಿದ್ದು, ಇವತ್ತಿಗೂ ನಾನು ಅವರನ್ನು ದೂರಲಾರೆ. ಆದರೆ ಆ ಸಂಜೆ ಕ್ಲಾಸಿನ ಕೊನೆಗೆ ಅಮ್ಮ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, “ಮೀನು ಬಿಟ್ಟರೆ ನಾವು ಎಂತ ಮಾಡುದು ಮಗಳೇ? ಈ ಯೋಗ ಎಲ್ಲ ನಮಗೆ ಹೇಳಿದ್ದಲ್ಲ” ಎಂದಳು.

ಅಮ್ಮ ಮತ್ತೆ ಕ್ಲಾಸಿಗೆ ಹೋಗಲಿಲ್ಲ. ಗೋಗರೆದೆ, ಅತ್ತೆ, ಊಟ ಬಿಟ್ಟೆ. ಟೀಚರ್ ಫೋನ್ ಮಾಡಿದಾಗ ಕಾಲುನೋವು ಎಂದು ಸುಳ್ಳು ಹೇಳಿದಳು. ಕೆಲವೇ ದಿನಗಳಲ್ಲಿ ಮತ್ತೆ ಗೋಡೆಗೆ ಒರಗಿದಳು. ನಾನು ಅವಳನ್ನು ಚಾಪೆಯಲ್ಲಿ ಮಲಗಿಸಿ, ಟೀಚರ ಹಾಗೆಯೇ ಅಂಗಗಳ ಹೆಸರು ಹೇಳಿ ನೋಡಿದೆ. ನನ್ನ ಸಮಾಧಾನಕ್ಕೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ರೆಪ್ಪೆ ಅದುರುತ್ತಿತ್ತು.

ಈಗ ಊರಲ್ಲಿ ಗಲ್ಲಿಗೊಂದು ಯೋಗ ಕ್ಲಾಸು. ಶಕ್ತಿನಗರದಲ್ಲಿ ನಾನು ಹೋಗುವಲ್ಲಿ, ಕ್ಲಾಸು ಮುಗಿಸಿ ನೇರ ಮೀನೂಟಕ್ಕೆ ಹೋಗುವವರೂ ಇದ್ದಾರೆ. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಅಮ್ಮನಿಗೆ ಬೇಕಿದ್ದದ್ದು ಇಷ್ಟೇ ಅಲ್ಲವೇ ಎಂದು ಹೊಟ್ಟೆ ಉರಿಯುತ್ತದೆ.

ಹೋದ ವರ್ಷ ಅಮ್ಮ ತೀರಿಕೊಂಡಳು. ನೋಡಲು ಬಂದವರೆಲ್ಲ, “ನಿದ್ದೆ ಮಾಡಿದ ಹಾಗೆಯೇ ಉಂಟು” ಎಂದರು. ಅಮ್ಮ ನಿದ್ದೆ ಮಾಡಿದರೆ ಹೇಗಿರುತ್ತಾಳೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದಕ್ಕೇ ಅಷ್ಟು ಅತ್ತೆ.