ಎಣ್ಣೆ ಪೈಪಿನ ಕೊನೆಯ ಕೆಲಸ

ನನ್ನ ಗಂಡನ ಬಲಗೈ ನಡುಗುವುದನ್ನು ನಾನು ಮೊದಲು ಗಮನಿಸಿದ್ದು ಊಟಕ್ಕೆ ಕೂತಾಗ. ಅವರು ರೊಟ್ಟಿ ಮುರಿದು ಕೈಯನ್ನು ತಟ್ಟೆಯ ಅಂಚಿಗೆ ಇಟ್ಟಿದ್ದರು. ಹೆಬ್ಬೆರಳು ತಾನಾಗಿಯೇ ತೋರುಬೆರಳನ್ನು ಉಜ್ಜುತ್ತಿತ್ತು, ಕಾಣದ ಕಾಳೊಂದನ್ನು ಹೊಸಕುತ್ತಿರುವಂತೆ. ಕೇಳಿದ್ದಕ್ಕೆ, "ದಿನಾ ಲೇತಿನ ಮುಂದ ನಿಂತು ನರ ಹಿಡಿದಾವ, ಬಿಡು" ಎಂದು ಕೈಯನ್ನು ತೊಡೆಯ ಕೆಳಗೆ ಸರಿಸಿಕೊಂಡರು.

ರಾಯಚೂರಿನಲ್ಲಿ ಅವರದು ಕಬ್ಬಿಣ ಕಡೆಯುವ ಸಣ್ಣ ಲೇತ್ ಅಂಗಡಿ. ಪಂಪ್‌ಸೆಟ್ಟಿನ ಶಾಫ್ಟು, ಅಕ್ಕಿ ಗಿರಣಿಯ ಬುಷ್ಷು ಇವೆಲ್ಲ ಹೊಟ್ಟೆಪಾಡಿನ ಕೆಲಸ. ಹೆಸರು ಬಂದದ್ದು ಮಾತ್ರ ಹಳೆಯ ಮೋಟರ್‌ಸೈಕಲ್ಲುಗಳ ಎಣ್ಣೆ ಪೈಪಿನಿಂದ. ಎಡಗಾಲಿಗೆ ಬ್ರೇಕು, ಬಲಗಾಲಿಗೆ ಗೇರು ಇದ್ದ ಕಾಲದ ಗಾಡಿಗಳು ಅವು. ಇಂಜಿನ್ನಿನ ಹೊರಗಡೆ ಒಂದು ತೆಳ್ಳನೆಯ ಪೈಪು ಕೆಳಗಿನಿಂದ ಮೇಲಿನ ಹೆಡ್ಡಿಗೆ ಎಣ್ಣೆ ಒಯ್ಯುತ್ತದೆ. ನಮ್ಮ ಕಡೆಯ ಬಿಸಿಲಿಗೆ ಆ ಎಣ್ಣೆ ಸಾಲದೆ ಹೆಡ್ಡು ಕಟಕಟ ಅನ್ನತೊಡಗುತ್ತದೆ. ಇವರು ಆ ಪೈಪು ಕಿತ್ತು ಅಗಲದ್ದನ್ನು ಹಾಕುತ್ತಿದ್ದರು. ಅದನ್ನು ಹಿಡಿದಿಡುವ ಬೋಲ್ಟಿನ ನಡುವೆ ಎಣ್ಣೆ ಹರಿಯಲು ಒಂದು ತೂತಿರುತ್ತದೆ. ಅದನ್ನೂ ತುಸು ದೊಡ್ಡದು ಮಾಡುತ್ತಿದ್ದರು. ತುಸು ಮಾತ್ರ. ಮೇಲಕ್ಕೆ ಹೆಚ್ಚು ಹರಿದರೆ ಕೆಳಗಿನ ಬೇರಿಂಗಿಗೆ ಎಣ್ಣೆ ಸಿಗುವುದಿಲ್ಲ. ಬೇರಿಂಗು ಒಣಗಿತೆಂದರೆ ಓಡುತ್ತಿರುವ ಇಂಜಿನ್ ಒಮ್ಮೆಲೇ ಹಿಡಿದುಕೊಂಡು ನಿಲ್ಲುತ್ತದೆ, ಅದರ ಜೊತೆ ಹಿಂದಿನ ಗಾಲಿಯೂ. ನಾನು ಮಾನ್ವಿಯ ಶಾಲೆಯಲ್ಲಿ ಕನ್ನಡ ಕಲಿಸುವವಳು. ಇಷ್ಟೆಲ್ಲ ನನಗೆ ತಿಳಿದದ್ದು ಅವರ ಬಾಯಿಂದ ಊಟದ ಹೊತ್ತಿಗೆ ಕೇಳಿ ಕೇಳಿ.

ಅವರಿಗೆ ದೇವದುರ್ಗದಲ್ಲೊಬ್ಬ ಗೆಳೆಯ. ಹರೆಯದಲ್ಲಿ ಇಬ್ಬರೂ ಒಂದೇ ಲೇತಿನ ಮೇಲೆ ಕೆಲಸ ಕಲಿತವರು. ಆತ ಊರಿಗೆ ಮರಳಿ ಹಾರ್ಡ್‌ವೇರ್ ಅಂಗಡಿ ಇಟ್ಟ. ಹಣೆಯ ತುಂಬ ವಿಭೂತಿ ಹಚ್ಚುವ ಮನೆತನ ಆತನದು. ನಮ್ಮ ಮಾವ ಗಿರಣಿಯಲ್ಲಿ ಚೀಲ ಹೊತ್ತವರು. ಆದರೂ ಆ ಮನೆಯಲ್ಲಿ ನಮಗೆಂದು ಬೇರೆ ತಟ್ಟೆ ಇರಲಿಲ್ಲ. ಅದು ಎಷ್ಟು ದೊಡ್ಡ ಮಾತೆಂದು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಬೇಸಿಗೆ ಗೆಳೆಯ ತನ್ನ ಹಳೆಯ ಗಾಡಿಯನ್ನು ಪೈಪಿನ ಕೆಲಸಕ್ಕೆಂದು ತಂದು ಬಿಟ್ಟುಹೋದ. ವಾರದ ನಂತರ ಬಂದು, ಸದ್ದು ನಿಂತಿದೆಯೆಂದು ಖುಷಿಯಿಂದ ಓಡಿಸಿಕೊಂಡು ಹೋದ. ಮಳೆಗಾಲ ಶುರುವಾಗುವ ಹೊತ್ತಿಗೆ ಫೋನು ಬಂತು. ಜಾಲಹಳ್ಳಿಯಿಂದ ದೇವದುರ್ಗಕ್ಕೆ ಬರುವಾಗ ಇಂಜಿನ್ ಹಿಡಿದು, ಗಾಡಿ ಜಾರಿ, ಅವನ ಕಾಲು ಮುರಿದಿತ್ತು.

ನಾವು ಬಸ್ಸಿನಲ್ಲಿ ಹೋದೆವು. ಗೆಳೆಯ ಪಡಸಾಲೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದ. ನನ್ನ ಗಂಡ ಒಳಗೆ ಹೋಗಲಿಲ್ಲ. ಅಂಗಳದಲ್ಲಿ ಗೋಡೆಗೆ ಒರಗಿಸಿಟ್ಟ ಗಾಡಿಯ ಹತ್ತಿರ ಕೂತು, ಎಡಗೈಯಿಂದ ಪಾನಾ ಹಿಡಿದು ಆ ಬೋಲ್ಟು ಬಿಚ್ಚಿದರು. ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅದನ್ನು ಮುಷ್ಟಿಯಲ್ಲಿಟ್ಟುಕೊಂಡೇ ಒಳಗೆ ಬಂದರು.

"ಬರ್ರಿ ಯಣ್ಣಾ, ಕೂಡ್ರಿ. ಚಾ ಮಾಡ್ತೀನಿ" ಎಂದಳು ಗೆಳೆಯನ ಹೆಂಡತಿ.

ಇವರು ಕೂಡಲಿಲ್ಲ. "ಲೇ, ತಪ್ಪು ಗಾಡೀದಲ್ಲ. ನಂದು" ಎಂದರು. "ತೂತು ಕೊರಿಯೂವಾಗ ನನ್ನ ಕೈ ಅಲುಗ್ಯಾಡ್ತು. ತೂತು ಜಾಸ್ತಿ ಆತು. ಅವತ್ತೇ ಗೊತ್ತಾಗಿತ್ತು ನನಗ."

ಗೆಳೆಯ ಅವರ ಮುಖ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಯೇ ಕೇಳಿದಳು: "ಗೊತ್ತಿದ್ದೂ ಕೊಟ್ರೇನ್ರಿ ಯಣ್ಣಾ?"

"ಹೊಸಾ ಬೋಲ್ಟ್ ಮಾಡಬೇಕಿತ್ತು. ಮತ್ತ ಕೈ ನಡುಗ್ತದಂತ ಹೆದರಿಕಿ ಆತು. ನಡೀತದ ಅಂತ ಹಾಕಿಬಿಟ್ಟೆ."

ಆಗ ಗೆಳೆಯ ಬಾಯಿ ತೆರೆದ. "ನನಗೊಂದು ಮಾತು ಹೇಳಬೇಕಿಲ್ಲೋ? ಹಳೇ ಪೈಪಿನ್ಯಾಗ ಓಡಿಸ್ಕೊಂಡು ಇರ್ತಿದ್ದೆ."

ಅವನು ಬೈದಿದ್ದರೆ ಇವರಿಗೆ ಎಷ್ಟೋ ಹಗುರಾಗುತ್ತಿತ್ತು. ಚಹಾ ಬಂತು. ಇವರ ಕೈಯಲ್ಲಿ ಚಹಾದ ಕಪ್ಪು ಬಸಿಗೆ ಬಡಿದು ಗಲಗಲ ಅಂತು, ಅರ್ಧ ಚಹಾ ಅಂಗಿಯ ಮೇಲೆ ಚೆಲ್ಲಿತು. ಒರೆಸಲು ಯಾರೂ ಏಳಲಿಲ್ಲ. ನಾನೇ ಸೆರಗಿನಿಂದ ಒರೆಸಿದೆ.

ರಾಯಚೂರಿಗೆ ಬಂದ ಮೇಲೆ ನಾನೇ ಹಟ ಹಿಡಿದು ನರದ ಡಾಕ್ಟರರ ಬಳಿ ಕರೆದೊಯ್ದೆ. ನಡೆಸಿ ನೋಡಿದರು, ಬೆರಳು ತಟ್ಟಿಸಿ ನೋಡಿದರು. "ಇದು ಪೂರ್ತಿ ವಾಸಿ ಆಗೂದಲ್ಲ. ಗುಳಿಗಿ ತಗೊಂಡ್ರ ಸ್ವಲ್ಪ ತಡಿಬಹುದು" ಎಂದರು. ಮನೆಗೆ ಬರುವ ಆಟೋದಲ್ಲಿ ಇವರು ಒಂದೇ ಒಂದು ಮಾತು ಕೇಳಿದರು: "ಎಡಗೈಗೂ ಬರ್ತದೇನು?" ಬರುತ್ತದೆಂದು ಡಾಕ್ಟರು ಹೇಳಿದ್ದನ್ನು ಇಬ್ಬರೂ ಕೇಳಿಸಿಕೊಂಡಿದ್ದೆವು.

ಗೆಳೆಯನ ಗಾಡಿಗೆ ದೇವದುರ್ಗದ ಮೆಕ್ಯಾನಿಕ್ಕೇ ಹೊಸ ಬೇರಿಂಗು ಕೂಡಿಸಿದ. ಪೈಪು ಮಾತ್ರ ತಾನೇ ಸರಿಮಾಡಬೇಕೆಂದು ಇವರು ಪಟ್ಟು ಹಿಡಿದರು. ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಅಂಗಡಿಗೆ ಕರೆದರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನು ಆ ಲೇತನ್ನು ಮುಟ್ಟಿರಲಿಲ್ಲ.

"ಈ ಚಕ್ರ ಹಿಡ್ಕೊ. ಸಾವಕಾಶ ತಿರುವು. ಒತ್ತಬ್ಯಾಡ, ಅದರ ಪಾಡಿಗೆ ಅದು ಒಳಗ ಹೋಗ್ತದ."

ಮೊದಲನೆಯ ಬೋಲ್ಟು ಹಾಳಾಯಿತು. ಎರಡನೆಯದೂ ಹಾಳಾಯಿತು. "ನನ್ನ ಕೈಲೆ ಆಗಂಗಿಲ್ರಿ, ಬ್ಯಾರೆ ಯಾರರ ಕಡೆ ಮಾಡಸ್ರಿ" ಎಂದೆ.

"ಬ್ಯಾರೆಯವರ ಕೈಗೆ ಕೊಡಾಕ ಮನಸ್ಸಿಲ್ಲ. ಮಾಡು" ಎಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಬೇಡಿಕೊಳ್ಳುತ್ತಿದ್ದರು. ಅವರು ನನ್ನಲ್ಲಿ ಹಾಗೆ ಏನನ್ನೂ ಕೇಳಿದವರಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಬೋಲ್ಟು ಸರಿಯಾಗಿ ಬಂತು. ಅದರ ತೂತಿಗೆ ಸಣ್ಣ ತಂತಿ ತೂರಿಸಿ ನೋಡಿ, ಮತ್ತೆ ನೋಡಿ, ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡರು.

ದೇವದುರ್ಗದ ಅಂಗಳದಲ್ಲಿ ಪೈಪು ಕೂಡಿಸಿದ್ದೂ ನಾನೇ. ತಾಮ್ರದ ವಾಷರುಗಳನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿಸಿದರು, ಮೆತ್ತಗಾದರೆ ಎಣ್ಣೆ ಸೋರುವುದಿಲ್ಲವೆಂದು. ನಾನು ಪಾನಾ ತಿರುವುತ್ತಿದ್ದರೆ ಅವರು ಕಣ್ಣು ಮುಚ್ಚಿ ನನ್ನ ಮುಂಗೈ ಮೇಲೆ ಎರಡು ಬೆರಳಿಟ್ಟುಕೊಂಡಿದ್ದರು. ಬಿಗಿ ಎಷ್ಟಾಯಿತೆಂದು ನನ್ನ ನರದಿಂದಲೇ ತಿಳಿಯುತ್ತಿತ್ತೋ ಏನೋ. ಅವರ ನಡುಕ ಮಾತ್ರ ನನ್ನ ಕೈಗೆ ತಿಳಿಯುತ್ತಿತ್ತು. "ಸಾಕು" ಎಂದರು. ನಾನು ನಿಲ್ಲಿಸಿದೆ.

ಕಿಕ್ ಹೊಡೆದರು, ಇಂಜಿನ್ ಎದ್ದಿತು. ಮೇಲಿನ ಬೋಲ್ಟನ್ನು ಅರ್ಧ ಸಡಿಲಿಸಿದಾಗ ಎಣ್ಣೆ ನಿಧಾನಕ್ಕೆ ಜಿನುಗಿತು, ಹೆಡ್ಡಿಗೆ ಏರುತ್ತಿದೆಯೆಂದು ತಿಳಿಯಿತು. ಮತ್ತೆ ಬಿಗಿ ಮಾಡಿಸಿದರು. ಕೋಲೂರಿ ಬಾಗಿಲಲ್ಲಿ ನಿಂತಿದ್ದ ಗೆಳೆಯ, "ಛಲೋ ಆತು" ಎಂದ. ಹತ್ತಿರ ಬರಲಿಲ್ಲ. ಅವನ ಹೆಂಡತಿ ಊಟಕ್ಕೆ ಕರೆದಳು. ಉಂಡೆವು. ರೊಟ್ಟಿ, ಪುಂಡಿಪಲ್ಯ, ಅದೇ ತಟ್ಟೆಗಳು. ಆದರೆ ಮಾತೆಲ್ಲ ಮಳೆಯದು, ಬಸ್ಸಿನ ಹೊತ್ತಿನದು. ಹೊರಡುವಾಗ, "ಮತ್ಯಾವಾಗ ಬರ್ತೀರಿ?" ಎಂದು ಯಾರೂ ಕೇಳಲಿಲ್ಲ.

ಆ ಗಾಡಿಯನ್ನು ಗೆಳೆಯ ಮತ್ತೆ ಹತ್ತಲೇ ಇಲ್ಲ, ಮಾರಿಬಿಟ್ಟನೆಂದು ಇನ್ನಾರೋ ಹೇಳಿದರು. ಇವರೂ ಲೇತ್ ಮಾರಿದರು. ಅದನ್ನು ಟ್ರ್ಯಾಕ್ಟರಿಗೆ ಏರಿಸುವಾಗ ಮನೆಯಲ್ಲೇ ಕೂತಿದ್ದರು. ದಸರೆಗೆ ಗೆಳೆಯನ ಮನೆಗೆ ಬನ್ನಿ ಕೊಡಲು ಹೋಗುವ ರೂಢಿಯೂ ನಿಂತಿತು. ಒಂದೆರಡು ಸಲ ಇವರು ಫೋನ್ ಮಾಡಿದರು. ಆತ ಎತ್ತಿದ, ಮಾತಾಡಿದ, ಇಟ್ಟ.

ಹೋದ ತಿಂಗಳು ಮಾನ್ವಿಯ ಬಸ್ ನಿಲ್ದಾಣದ ಎದುರು ಆ ಗಾಡಿ ಕಂಡೆ. ಬೀಜದ ಅಂಗಡಿಯವನೊಬ್ಬ ಪೋತ್ನಾಳಕ್ಕೆ ಹೊರಟು ನಿಂತಿದ್ದ. ಬಗ್ಗಿ ನೋಡಿದೆ, ಪೈಪಿನ ಬೋಲ್ಟಿನ ಸುತ್ತ ಒಂದು ಹನಿ ಎಣ್ಣೆಯೂ ಸೋರಿರಲಿಲ್ಲ.

"ಏನ್ರೀ ಟೀಚರ್, ಏನರ ಬಿತ್ತೇನ್ರಿ?" ಎಂದ.

"ಏನಿಲ್ಲಪಾ, ಹೋಗು" ಎಂದೆ.

ಮನೆಗೆ ಬಂದು ಹೇಳಿದಾಗ ಇವರು ಕುರ್ಚಿಯಲ್ಲಿ ಕೂತಿದ್ದರು. ಈಗ ಎರಡೂ ಕೈ ನಡುಗುತ್ತವೆ. ಕೇಳಿಸಿಕೊಂಡು, "ಅವನೇ ಇಟ್ಕೊಂಡಿದ್ರ ಛಲೋ ಇತ್ತು" ಎಂದರು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಾನು ಗುಳಿಗೆಯನ್ನೂ ನೀರನ್ನೂ ತಂದು, ಅವರ ತಲೆ ಹಿಡಿದು ಕುಡಿಸಿದೆ.