ಸ್ವಲ್ಪ ಬರತೈತ್ರಿ

ನಮ್ಮ ನಿಪ್ಪಾಣಿ ಕಡೆಯವರನ್ನು ನಿಮಗೇನು ಬರುತ್ತದೆ ಎಂದು ಕೇಳಿ ನೋಡಿ. ಹೊಲಿಗೆಯಿರಲಿ, ಭಜನೆಯಿರಲಿ, ಉತ್ತರ ಒಂದೇ: "ಸ್ವಲ್ಪ ಸ್ವಲ್ಪ ಬರತೈತ್ರಿ." ನನ್ನ ಹೆಂಡತಿ ಸುನಂದಾಳ ಶೇಂಗಾ ಹೋಳಿಗೆಯನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತ ಬೀಗರು ಹೊಗಳಿದರೆ, "ಎಲ್ಲೀದ್ರಿ, ಹೆಂಗರ ಆಗ್ಯಾವು" ಅನ್ನುತ್ತಾಳೆ. ಹಳೆಯ ಕವಿಗಳೂ ಹೀಗೆಯೇ. ಮೊದಲ ಪದ್ಯದಲ್ಲಿ ತಾವು ಅಲ್ಪಮತಿಗಳೆಂದು ಹೇಳಿಕೊಂಡು, ಆಮೇಲೆ ಮುಗಿಯದಷ್ಟು ಬರೆದವರು.

ಕನ್ನಡದಲ್ಲಿ, ಮರಾಠಿಯಲ್ಲಿ ಇದು ನಡೆಯುತ್ತದೆ. ಆದರೆ ಇಂಗ್ಲಿಷಿನಲ್ಲಿ?

ಊರಲ್ಲಿ ಹೊಸದಾಗಿ ತೆರೆದ ಇಂಗ್ಲಿಷ್ ಶಾಲೆಗೆ ಚಿಕ್ಕ ಮಕ್ಕಳ ಟೀಚರ್ ಬೇಕಾಗಿತ್ತು. ಸುನಂದಾ ಅರ್ಜಿ ಹಾಕಿದಳು. ಆ ಕೆಲಸ ಬೇಕೆಂದು ಅವಳು ಒಮ್ಮೆಯೂ ಹೇಳಲಿಲ್ಲ. ಎಷ್ಟು ಬೇಕಾಗಿತ್ತೆಂದು ನನಗೆ ತಿಳಿದದ್ದೇ ಅದರಿಂದ. ಚಿಂತೆ ಮಾಡುವುದು ನನ್ನ ಹುಟ್ಟುಗುಣವಾದ್ದರಿಂದ ಅಡುಗೆಮನೆಯಲ್ಲೇ ಸಂದರ್ಶನದ ತಾಲೀಮು ಶುರುಮಾಡಿದೆ.

"ಕ್ಯಾನ್ ಯು ಟೀಚ್ ಸ್ಮಾಲ್ ಚಿಲ್ಡ್ರನ್?"

"ಐ ವಿಲ್ ಟ್ರೈ, ಸರ್."

"ಟ್ರೈ ಅಲ್ಲ! 'ಐ ಕ್ಯಾನ್' ಅನ್ನು, ಗಟ್ಟಿಯಾಗಿ."

"ಮೊದಲಿಗೇ ಹಂಗ ಅಂದ್ರ ಭಾಳ ಶಾಣ್ಯಾಕಿ ಅದಾಳ ಅಂತಾರ್ರಿ" ಎಂದು ಅವಳು ಚಪಾತಿ ತಿರುವಿ ಹಾಕಿದಳು. "ಅಷ್ಟ ಕಾಳಜಿ ಇದ್ರ ನೀವ ಹೋಗ್ರಿ."

ಸಂದರ್ಶನದ ದಿನ ಹೋದೆ, ಶಾಲೆಯ ಆಫೀಸಿನ ಹೊರಗಿನ ಬೆಂಚಿನವರೆಗೆ. ಬಾಗಿಲು ಅರ್ಧ ತೆರೆದಿತ್ತು. ಇಂಗ್ಲಿಷ್ ಬರುತ್ತದೆಯೇ ಎಂದು ಹೆಡ್ ಬಾಯಾರು, ಅಂದರೆ ಮುಖ್ಯೋಪಾಧ್ಯಾಯಿನಿ, ಇಂಗ್ಲಿಷಿನಲ್ಲೇ ಕೇಳಿದರು. ನಾನು ಬಾಗಿಲ ಕಡೆ ಬಗ್ಗಿ ಕಿವಿಗೊಟ್ಟೆ.

"ಲಿಟಲ್ ಲಿಟಲ್, ಮೇಡಂ."

ಮುಗಿಯಿತು ಎಂದು ಕಣ್ಣು ಮುಚ್ಚಿದೆ. ಮಕ್ಕಳಿಗೆ ಕತೆ ಹೇಳಬಲ್ಲಿರಾ ಎಂದರೆ, "ನಾಟ್ ಸೋ ಗುಡ್, ಮೇಡಂ" ಎಂದಳು. ಎಂದವಳೇ ದ್ರಾಕ್ಷಿ ತೋಟಕ್ಕೆ ನುಗ್ಗಿದ ಆಡಿನ ಕತೆ ತೆಗೆದಳು. ಆಡಿಗೊಂದು ದನಿ, ಮಾಲಕನಿಗೊಂದು ದನಿ, ಎಲ್ಲ ಇಂಗ್ಲಿಷಿನಲ್ಲೇ, ಎಲ್ಲೂ ತಡವರಿಸದೆ. ಚಹಾ ತಂದ ಶಾಲೆಯ ಸಿಪಾಯಿ ಬಾಗಿಲಲ್ಲೇ ನಿಂತ. ನಮ್ಮ ಮಗಳಿಗೆ ಪಾಠ ಹೇಳುತ್ತ ಹೇಳುತ್ತ ಇವಳು ಇಷ್ಟು ಕಲಿತದ್ದು ಒಂದೇ ಮನೆಯಲ್ಲಿದ್ದ ನನಗೇ ಗೊತ್ತಿರಲಿಲ್ಲ.

ಹೆಡ್ ಬಾಯಾರು ನಕ್ಕರು. "ನಮ್ದೂ ಇಲ್ಲೇ ನಿಪ್ಪಾಣಿ ಹತ್ರ ಭೋಜ ಊರ್ರಿ. ಈ ಕಡೆಯವರ 'ಲಿಟಲ್' ಎಷ್ಟ ಇರತೈತಿ ನನಗ ಗೊತ್ತೈತಿ. ಸೋಮವಾರದಿಂದ ಬರ್ರಿ. ಇಷ್ಟ ಛಲೋ ಇಂಗ್ಲಿಷ್ ಯಾರ ಕಲಿಸಿದ್ರು?"

"ನಮ್ಮ ಮನಿಯವರ್ರಿ" ಎಂದಳು ಸುನಂದಾ. ತನ್ನ ಹೆಗ್ಗಳಿಕೆಯನ್ನು ಇನ್ನೊಬ್ಬರ ತಟ್ಟೆಗೆ ಬಡಿಸಿಬಿಡುವುದೂ ಅವಳ ರೂಢಿ.

ಬಾಯಾರು ಹೊರಗೆ ಬಂದು ನನ್ನನ್ನು ಗೌರವದಿಂದ ನೋಡಿದರು. "ನಿಮಗ ಇಂಗ್ಲಿಷ್ ಭಾಳ ಛಲೋ ಬರತಿರಬೇಕಲ್ರಿ?"

"ಸ್ವಲ್ಪ ಸ್ವಲ್ಪ ಬರತೈತ್ರಿ" ಎಂದೆ.

ಅದು ಅಪ್ಪಟ ಸತ್ಯವಾಗಿತ್ತು. ಆದರೆ ಅವರು ಭೋಜದವರು, ನಂಬಲಿಲ್ಲ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ನನ್ನದೇ ಇಂಗ್ಲಿಷ್ ಭಾಷಣವೆಂದು ನಿಂತಲ್ಲೇ ಗೊತ್ತುಮಾಡಿದರು.

ಈಗ ಅಡುಗೆಮನೆಯಲ್ಲಿ ದಿನಾ ತಾಲೀಮು ನಡೆದಿದೆ. ಎರಡನೆಯ ವಾಕ್ಯಕ್ಕೇ ನನ್ನ ನಾಲಗೆ ಒಣಗುತ್ತದೆ. ಸುನಂದಾ ಚಪಾತಿ ತಿರುವುತ್ತ, ತಿರುಗಿಯೂ ನೋಡದೆ ಹೇಳುತ್ತಾಳೆ: "'ಐ ಕ್ಯಾನ್' ಅನ್ರಿ, ಗಟ್ಟಿಯಾಗಿ."