ಬರೆಯದೆ ಬಿಟ್ಟ ಒಂದು ‘ಬೇಡ’

ಪಂಚಾಕ್ಷರಿಯಂಥ ಕಾರ್ಯದರ್ಶಿ ಸಿಕ್ಕರೆ ಯಾವ ಸಂಘವೂ ಬಿಡುವುದಿಲ್ಲ. ವಿಲಾಯಿತಿಯ ಬರ್ಚ್‌ವುಡ್‌ನ ಆಫೀಸಿನಲ್ಲಿ ಪೈಪುಗಳ ನಕ್ಷೆ ತಿದ್ದುವ ಇಂಜಿನಿಯರು. ಅಲ್ಲಿ ತಿದ್ದಿದ್ದು ಸಾಲದೆಂಬಂತೆ ಸ್ಟಾಕ್‌ಪೋರ್ಟಿನ ಮನೆಗೆ ಬಂದು ಕನ್ನಡ ಸಂಘದ ನಡಾವಳಿ ಪುಸ್ತಕವನ್ನೂ ದುಂಡಗಿನ ಅಕ್ಷರದಲ್ಲಿ ಬರೆಯುತ್ತಿದ್ದ. ಹತ್ತು ವರ್ಷ ಬರೆದ. ಅದರಲ್ಲಿ ಅವನು ಬರೆದದ್ದು ಒಂದೇ ಒಂದು ಸುಳ್ಳು. ಆ ಒಂದೇ ಅವನನ್ನು ತಿಂದುಹಾಕಿತು.

ಸಂಘದ ನಿಯಮಾವಳಿಯನ್ನು ೧೯೯೬ರಲ್ಲಿ ಬರೆದವನೂ ಅವನೇ. ಜೊತೆಗೆ ಹುಬ್ಬಳ್ಳಿಯ ಕಾಲೇಜಿನ ದಿನಗಳಿಂದ ಗೆಳೆಯನಾದ ಸೋಮಲಿಂಗಪ್ಪ. ಸಂಘದಲ್ಲಿ ಮೈಸೂರು ಕಡೆಯವರೂ ಧಾರವಾಡ ಕಡೆಯವರೂ ಸಮಸಮ. ಹಾಗಾಗಿ ಇಬ್ಬರು ಅಧ್ಯಕ್ಷರು, ಆ ಕಡೆಯಿಂದೊಬ್ಬರು, ಈ ಕಡೆಯಿಂದೊಬ್ಬರು. ಒಂದೇ ವರ್ಷ. ಒಬ್ಬರು ಬೇಡ ಎಂದರೆ ಇನ್ನೊಬ್ಬರು ಮಾಡುವಂತಿಲ್ಲ. ಯುಗಾದಿಯ ದಿನ ಹೊಸ ಅಧ್ಯಕ್ಷರು ಬೇವುಬೆಲ್ಲ ಹಂಚಬೇಕು, ಹಳೆಯ ಅಧ್ಯಕ್ಷರು ಊಟವಾದ ಮೇಲೆ ಪಾತ್ರೆ ತೊಳೆಯಬೇಕು. ದೊಡ್ಡ ದೊಡ್ಡ ಡಾಕ್ಟರುಗಳು ಕೋಟು ಕಳಚಿ ಸಾರಿನ ಕೊಳಗ ಉಜ್ಜುವುದನ್ನು ನೋಡಲೆಂದೇ ಜನ ಅಡುಗೆಮನೆಯ ಬಾಗಿಲಲ್ಲಿ ಮುತ್ತುತ್ತಿದ್ದರು.

೨೦೦೦ದಲ್ಲಿ ಈ ಚಂದ ಕೆಟ್ಟಿತು. ರಾಜ್ಯೋತ್ಸವದ ಊಟಕ್ಕೆ ಜೋಳದ ರೊಟ್ಟಿಯೋ ಬಿಸಿಬೇಳೆಬಾತೋ ಎಂದು ಶುರುವಾದ ಮಾತು, ಒಬ್ಬ ಅಧ್ಯಕ್ಷರು ಹೇಳಿದ್ದಕ್ಕೆಲ್ಲ ಇನ್ನೊಬ್ಬರು ಬೇಡ ಎನ್ನುವಲ್ಲಿಗೆ ಬಂತು. ಒಂದೇ ದಿನ ಎರಡು ಹಾಲ್‌ಗಳಲ್ಲಿ ಎರಡು ರಾಜ್ಯೋತ್ಸವ ನಡೆಯಿತು. ಎಲ್ಲರಿಗೂ ಸಾಕುಸಾಕಾಯಿತು. ಆಗ ಜನರ ಕಣ್ಣು ಡಾಕ್ಟರ್ ಚಿದಾನಂದರ ಮೇಲೆ ಬಿತ್ತು. ಅವರು ಸ್ಟಾಕ್‌ಪೋರ್ಟಿನಲ್ಲೇ ಜಿಪಿ, ಮನೆಮಂದಿಯ ಡಾಕ್ಟರು. ಯಾರ ಮನೆಯಲ್ಲಿ ಜ್ವರ ಬಂದರೂ ಮೊದಲ ಫೋನು ಅವರಿಗೆ. ಪಂಚಾಕ್ಷರಿಯ ಹೆಂಡತಿ ವಾಸಂತಿಯ ಎದೆಯ ಗಂಟಿನ ಸುದ್ದಿಯನ್ನು ಟಿವಿಡೇಲಿನ ಗುಡಿಯಲ್ಲಿ ಪ್ರಸಾದ ತಿನ್ನುವಾಗ ಮಾತಿನ ಮಧ್ಯೆ ಕೇಳಿ, ಮರುದಿನವೇ ಸ್ಪೆಷಲಿಸ್ಟಿಗೆ ಕಾಗದ ಬರೆದು, ಬೆನ್ನು ಬಿಡದೆ ಓಡಾಡಿ ಆಕೆಯನ್ನು ಉಳಿಸಿಕೊಟ್ಟವರು.

೨೦೦೧ರ ಯುಗಾದಿಯ ಸಭೆಯಲ್ಲಿ ಠರಾವು ಬಂತು: ಜಗಳ ತಣ್ಣಗಾಗುವವರೆಗೆ ನಿಯಮ ಬದಿಗಿರಲಿ, ಡಾಕ್ಟರೊಬ್ಬರೇ ಅಧ್ಯಕ್ಷರಾಗಲಿ. ಯಾರಾದರೂ ವಿರೋಧ? ಮೂರನೇ ಸಾಲಿನಲ್ಲಿ ಸೋಮಲಿಂಗಪ್ಪ ಗಂಟಲು ಸರಿಮಾಡಿಕೊಂಡು ಕೈ ಎತ್ತಿದ.

“ಬ್ಯಾಡ. ನಾ ಒಪ್ಪಂಗಿಲ್ಲ. ಡಾಕ್ಟ್ರು ಭಾಳ ಚೊಲೋ ಮನುಷ್ಯಾರು. ಅದಕ್ಕ ನನಗ ಹೆದರಿಕಿ. ಕೆಟ್ಟವನಾದ್ರ ನಾಳೆ ಇಳಿಸಬಹುದು. ಚೊಲೋದವ್ರಿಗೆ ಇಳೀರಿ ಅನ್ನಾವ್ರು ಯಾರು?”

ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು. ಚಪ್ಪಾಳೆಯಲ್ಲಿ ಠರಾವು ಪಾಸಾಯಿತು.

ಮಾರನೆಯ ದಿನ ಪಂಚಾಕ್ಷರಿ ಊಟದ ಮೇಜಿನ ಮೇಲೆ ನಡಾವಳಿ ಬರೆಯಲು ಕೂತ. ಒಬ್ಬರ ವಿರೋಧವಿತ್ತು ಎಂದು ಬರೆಯಬೇಕು. ಎದುರಿಗೆ ವಾಸಂತಿ ಹುರುಳೀಕಾಯಿ ಹೆಚ್ಚುತ್ತಿದ್ದಳು. ಕೀಮೋ ಮುಗಿದು, ಕೂದಲು ಆಗತಾನೇ ಬೆರಳುದ್ದ ಬೆಳೆದಿತ್ತು. “ಒಂದು ಕೈ ತಾನೇ ರೀ? ಡಾಕ್ಟ್ರು ಓದಿದ್ರೆ ಬೇಜಾರು ಮಾಡ್ಕೊಳಲ್ವಾ?” ಎಂದಳು. ಪಂಚಾಕ್ಷರಿ ಆ ಕೂದಲನ್ನು ನೋಡಿದ. ‘ಸರ್ವಾನುಮತದಿಂದ’ ಎಂದು ಬರೆದ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ಜಾಗವಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಮುಂದಿನ ಸಭೆಯಲ್ಲಿ ನಡಾವಳಿ ಓದಿದಾಗ ಸೋಮಲಿಂಗಪ್ಪ ಆಕ್ಷೇಪ ಎತ್ತಲಿಲ್ಲ. ಹೊರಗೆ ಬಂದ ಮೇಲೆ ಮಾತ್ರ ಕೇಳಿದ: “ನನ್ನ ಕೈ ಎಲ್ಲಿ ಹೋತೋ, ಪಂಚಾಕ್ಷರಿ?” ಉತ್ತರಕ್ಕೆ ಕಾಯದೆ ಹೊರಟುಹೋದ. ಮತ್ತೆ ಸಂಘದ ಕಡೆ ತಲೆ ಹಾಕಲಿಲ್ಲ. ಮರುವರ್ಷದ ಜನವರಿಯಲ್ಲಿ, ಇಬ್ಬರೂ ದುಡಿಯುತ್ತಿದ್ದ ಬರ್ಚ್‌ವುಡ್‌ನ ಆಫೀಸಿನೆದುರು ಕಾರು ನಿಲ್ಲಿಸಿದವನು ಇಳಿಯುವ ಮೊದಲೇ ಹೃದಯ ನಿಂತು ತೀರಿಕೊಂಡ.

ಅಲ್ಲಿಂದ ಶುರುವಾಯಿತು. ಪ್ರತಿ ಯುಗಾದಿಗೆ ಡಾಕ್ಟರು “ಇನ್ನು ಬೇರೆಯವರು ನೋಡ್ಕೊಳ್ಳಿ” ಎನ್ನುವರು. ಜನ “ನೀವೇ ಇರಿ” ಎನ್ನುವರು. ಯಾರಾದರೂ ವಿರೋಧ ಎಂಬ ಪ್ರಶ್ನೆಯ ಬೆನ್ನಿಗೇ ಮೂರನೇ ಸಾಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡದ್ದು ಪಂಚಾಕ್ಷರಿಗೆ ಕೇಳಿಸುವುದು. ತಲೆಯೆತ್ತಿದರೆ ಅಲ್ಲಿ ಖಾಲಿ ಕುರ್ಚಿ. ಬರಬರುತ್ತ ಸಭೆಯೂ ಬೇಕಿರಲಿಲ್ಲ. ಪಿಕಡಿಲಿಗೆ ಹೋಗುವ ರೈಲಿನಲ್ಲಿ, ಅಂಗಡಿಯ ಸಾಲಿನಲ್ಲಿ, ಬೆನ್ನ ಹಿಂದೆ ಅದೇ ಸದ್ದು. ಪೆನ್ನು ಹಿಡಿದರೆ ಬಲಗೈ ತಣ್ಣಗಾಗುತ್ತಿತ್ತು. ಅವನಿಗೆ ನಿಜವಾಗಿಯೂ ಭಯವಾಗುತ್ತಿತ್ತು. ದೆವ್ವ ಬಂದಿದೆ ಎಂದಲ್ಲ, ಆ ದೆವ್ವ ಹೇಳಿದ್ದು ಸರಿ ಎಂದು.

ಡಾಕ್ಟರು ಕೆಟ್ಟದ್ದೇನೂ ಮಾಡಲಿಲ್ಲ, ಇದನ್ನು ನ್ಯಾಯವಾಗಿ ಹೇಳಬೇಕು. ಜಗಳ ನಿಂತಿತು, ಮಕ್ಕಳ ಕನ್ನಡ ಕ್ಲಾಸು ಶುರುವಾಯಿತು, ಊಟಕ್ಕೆ ರೊಟ್ಟಿಯೂ ಬಾತೂ ಎರಡೂ ಬಂದವು. ಪಾತ್ರೆ ತೊಳೆಯಲು ಮಾತ್ರ ಹಳೆಯ ಅಧ್ಯಕ್ಷರೇ ಇರಲಿಲ್ಲ. ಕೇಟರಿಂಗ್‌ನವರು ಬಂದು ತೊಳೆದರು.

೨೦೦೫ರ ಚಳಿಗಾಲದಲ್ಲಿ, ಅಪ್ಪ ಮಂಕಾಗಿದ್ದಾನೆಂದು ಮಗಳು ಇಂಚರಾ ಅವನನ್ನು ಕೌನ್ಸಿಲ್ ನಡೆಸುವ ಸಂಜೆ ಕ್ಲಾಸಿಗೆ ಸೇರಿಸಿದಳು. “ಯು ಲೈಕ್ ಓಲ್ಡ್ ಥಿಂಗ್ಸ್, ಅಪ್ಪಾ” ಎಂದಳು. ರೋಮಿನ ಇತಿಹಾಸ. ಕಲಿಸುವವರು ಮಿಸೆಸ್ ಹಾರ್ಗ್ರೀವ್ಸ್ ಎಂಬ ನಿವೃತ್ತ ಟೀಚರು.

ಮೊದಲ ದಿನವೇ ಪಂಚಾಕ್ಷರಿ ನೋಟ್ಸ್ ಬರೆಯುವ ಪೆನ್ನು ಕೆಳಗಿಟ್ಟ. ರೋಮಿನವರು ರಾಜರನ್ನು ಓಡಿಸಿ ಇಬ್ಬರು ಕಾನ್ಸಲ್‌ಗಳನ್ನು ಇಟ್ಟುಕೊಂಡರಂತೆ. ಒಂದೇ ವರ್ಷ. ಒಬ್ಬನನ್ನು ಇನ್ನೊಬ್ಬ ತಡೆಯಬಹುದು. ವಿಪತ್ತು ಬಂದರೆ ಮಾತ್ರ ಒಬ್ಬನ ಕೈಗೆ ಎಲ್ಲ ಅಧಿಕಾರ, ಅದೂ ಆರು ತಿಂಗಳು. ಶತಮಾನಗಳ ಕಾಲ ಹೀಗೆ ನಡೆಯಿತು. ಆಮೇಲೆ ಗೆದ್ದ ನಾಡುಗಳು ಹೆಚ್ಚಿ, ಸೈನಿಕರಿಗೆ ಊರಿಗಿಂತ ತಮಗೆ ಜಮೀನು ಕೊಡಿಸುವ ಸೇನಾಪತಿಯೇ ದೊಡ್ಡವನಾದ. ಸುಲ್ಲ ಎಂಬವನು ಸ್ವಂತ ಊರಿನ ಮೇಲೇ ದಂಡೆತ್ತಿ ಬಂದ. ಸೀಸರ್ ಬದುಕಿರುವವರೆಗೂ ಸರ್ವಾಧಿಕಾರಿಯಾದ. ಸೆನೆಟ್ ಎಂಬ ಹಿರಿಯರ ಸಭೆಯವರು ಅವನನ್ನು ಇರಿದು ಕೊಂದರು. ಕೊಂದರೆ ಹಳೆಯದು ಮರಳುತ್ತದೆ ಎಂದುಕೊಂಡಿದ್ದರು, ಪಾಪ. ಮರಳಿದ್ದು ಅಂತರ್ಯುದ್ಧ.

ಮಾರ್ಚಿನ ಕೊನೆಯ ಮಂಗಳವಾರ ಮಿಸೆಸ್ ಹಾರ್ಗ್ರೀವ್ಸ್ ಕಥೆಯ ಕೊನೆಗೆ ಬಂದರು. ಗೆದ್ದವನು ಸೀಸರನ ದತ್ತುಮಗ. ಜಾಣ. ರಾಜ ಎನ್ನಿಸಿಕೊಳ್ಳಲಿಲ್ಲ. ಒಂದು ಜನವರಿಯಲ್ಲಿ ಸೆನೆಟಿಗೆ ಬಂದು, ಎಲ್ಲವೂ ನಿಮಗೇ ವಾಪಸ್ಸು ಎಂದ. ಸೆನೆಟಿನವರು ಬಿಟ್ಟುಹೋಗಬೇಡಿ ಎಂದು ಬೇಡಿಕೊಂಡರು. ಸೈನ್ಯವಿದ್ದ ಪ್ರಾಂತ್ಯಗಳನ್ನೆಲ್ಲ ಅವನಿಗೇ ಕೊಟ್ಟು, ಅಗಸ್ಟಸ್ ಎಂದು ಹೆಸರಿಟ್ಟರು. ಕಾನ್ಸಲ್‌ಗಳು ಇದ್ದರು, ಚುನಾವಣೆ ಇತ್ತು, ಸಭೆ ಇತ್ತು. ಶಾಂತಿಯೂ ಇತ್ತು. ಅವನು ಮುದುಕನಾಗಿ ಸಾಯುವ ಹೊತ್ತಿಗೆ ಹಳೆಯ ಗಣರಾಜ್ಯವನ್ನು ಕಣ್ಣಾರೆ ಕಂಡವರೇ ಹೆಚ್ಚು ಉಳಿದಿರಲಿಲ್ಲ.

“ಆವತ್ತು ಬೇಡ ಎಂದವರ ಹೆಸರು ಎಲ್ಲಾದರೂ ಬರೆದಿಟ್ಟಿದ್ದಾರೆಯೇ?” ಎಂದು ಪಂಚಾಕ್ಷರಿ ಕೇಳಿದ. ತಾನಂತೂ ಎಲ್ಲೂ ಓದಿಲ್ಲ ಎಂದರು ಆಕೆ. ಬೆನ್ನ ಹಿಂದೆ ಗಂಟಲಿನ ಸದ್ದಾಯಿತು. ಅವನು ತಿರುಗಿ ನೋಡಲಿಲ್ಲ.

ಅದೇ ವಾರದ ಭಾನುವಾರ ಯುಗಾದಿಯ ಸಭೆ. ಈ ಸಲ ಡಾಕ್ಟರು ರಾಜೀನಾಮೆಯನ್ನು ಬರೆದೇ ತಂದಿದ್ದರು. “ಐದು ವರ್ಷ ಆಯ್ತು. ಎಲ್ಲಾ ನಿಮಗೇ ಒಪ್ಪಿಸ್ತಿದೀನಿ” ಎಂದರು. ಇನ್ನೂರು ಜನ ಬೇಡ ಬೇಡ ಎಂದು ಕೂಗಿದರು. ಯಾರೋ ಎದ್ದು, ಡಾಕ್ಟರು ಸಂಘದ ಶಾಶ್ವತ ಮಾರ್ಗದರ್ಶಕರಾಗಲಿ ಎಂದರು. ಇಬ್ಬರು ಅಧ್ಯಕ್ಷರ ನಿಯಮವನ್ನು ತೆಗೆದೇಹಾಕೋಣ, ಹೇಗೂ ಅದನ್ನು ೨೦೦೧ರಲ್ಲೇ ಸರ್ವಾನುಮತದಿಂದ ಬದಿಗಿಟ್ಟಾಗಿದೆ ಎಂದೂ ಸೇರಿಸಿದರು.

ಈಗ ಸುಮ್ಮನಿದ್ದರೆ ಸೋಮಲಿಂಗಪ್ಪನ ಮಾತು ಹುಟ್ಟಲೇ ಇಲ್ಲವೆಂದಾಗುತ್ತದೆ. ಪಂಚಾಕ್ಷರಿ ಎದ್ದ. ವಾಸಂತಿ ತೋಳು ಹಿಡಿದು ಜಗ್ಗಿದಳು; ಬಿಡಿಸಿಕೊಂಡ.

“ಅದು ಸರ್ವಾನುಮತ ಅಲ್ಲ. ಸೋಮಲಿಂಗಪ್ಪ ಬೇಡ ಅಂದಿದ್ದ. ನಾನು ಬರೀಲಿಲ್ಲ. ತಪ್ಪು ನಂದು. ಮೊದಲು ಪುಸ್ತಕದಲ್ಲಿ ತಿದ್ದಬೇಕು, ಆಮೇಲೆ ಬೇಕಾದ್ರೆ ವೋಟ್ ಹಾಕೋಣ.”

ಹೋದ ವರ್ಷವಷ್ಟೇ ಬೆಂಗಳೂರಿನಿಂದ ಬಂದ ಪ್ರತೀಕ್ಷಾ ಮುಂದಿನ ಸಾಲಿನಿಂದ ತಿರುಗಿ, ವಿನಯವಾಗಿ ಕೇಳಿದಳು: “ಸೋಮಲಿಂಗಪ್ಪ ಅಂದ್ರೆ ಯಾರು ಅಂಕಲ್?”

ಪಂಚಾಕ್ಷರಿ ಸುತ್ತ ನೋಡಿದ. ಅರ್ಧಕ್ಕಿಂತ ಹೆಚ್ಚು ಹೊಸ ಮುಖಗಳು. ಹಳಬರು ನೆಲ ನೋಡುತ್ತಿದ್ದರು. ಡಾಕ್ಟರು ವೇದಿಕೆ ಇಳಿದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಅವರ ಕಣ್ಣು ತುಂಬಿತ್ತು, ಅದು ನಾಟಕವಾಗಿರಲಿಲ್ಲ.

“ಖಂಡಿತ ತಿದ್ದಿ, ಪಂಚಾಕ್ಷರಿ. ಇದಕ್ಕೆ ಇಷ್ಟು ವರ್ಷ ನೊಂದ್ಕೊಂಡ್ರಾ? ನಾನೇ ಹೇಳ್ತಿದೀನಲ್ಲ, ಬರೀರಿ. ನನ್ನ ಅನುಮತಿ ಇದೆ.”

ಚಪ್ಪಾಳೆ ಶುರುವಾಯಿತು. ಎಂಥ ದೊಡ್ಡ ಮನಸ್ಸು ಎಂದು ಯಾರೋ ಅಂದರು. ಠರಾವೂ ಅದೇ ಚಪ್ಪಾಳೆಯಲ್ಲಿ ಪಾಸಾಗಿಹೋಯಿತು. ಯಾರಾದರೂ ವಿರೋಧ ಎಂದು ಈ ಸಲ ಯಾರೂ ಕೇಳಲೇ ಇಲ್ಲ. ಬೇಡ ಎಂಬ ಮಾತಿಗೂ ಈಗ ಅವರ ಅಪ್ಪಣೆ ಬೇಕಾಯಿತಲ್ಲ ಎಂದು ಪಂಚಾಕ್ಷರಿಗೆ ಹೊಳೆಯಿತು. ಹೇಳಿಬಿಡಬೇಕೆಂದು ಬಾಯಿ ತೆರೆದ. ಹೆಗಲ ಮೇಲಿನ ಕೈ ಬೆಚ್ಚಗಿತ್ತು.

“ಥ್ಯಾಂಕ್ಸ್, ಡಾಕ್ಟ್ರೇ” ಎಂದ.